ಮಾತು ನಿಲ್ಲಿಸಿದವರು ಯಾರು?

ಹೋದ ವರ್ಷ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವ, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಮಗಳು. ನಿಪ್ಪಾಣಿ ದಾಟಿ ತವಂದಿ ಘಾಟಿಗೆ ಬರುವ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದರ ಹಿಂದೊಂದು ದೀಪ ಹತ್ತತೊಡಗಿದವು. ಮೊದಲು ಎಬಿಎಸ್, ಆಮೇಲೆ ಸ್ಟೇರಿಂಗ್, ಕೊನೆಗೆ ಎಂಜಿನ್. ಕಾರು ಓಡುತ್ತಿರುವಾಗಲೇ ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬಿದ್ದಿತು. ಸ್ಟೇರಿಂಗ್ ಕೈಗೆ ಭಾರವಾಯಿತು.

"ಹಬ್ಬಕ್ಕ ಇನ್ನೂ ಎರಡು ದಿನ ಐತಿ. ಈಗ್ಯಾಕ ಇಷ್ಟ್ ದೀಪ ಹಚ್ಚೀದಿ?" ಎಂದಳು ಅವ್ವ.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬ್ರೇಕು ಹಿಡಿಯುತ್ತಿತ್ತು, ಎಂಜಿನ್ ಓಡುತ್ತಿತ್ತು. ಎಡಬದಿಯ ಲೇನಿನಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಬಂದು, ಹೇಗೋ ಮನೆ ಮುಟ್ಟಿದೆವು. ಮರುದಿನ ಹುಬ್ಬಳ್ಳಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದೆ. ಕಂಪ್ಯೂಟರ್ ಹಚ್ಚಿ ಹತ್ತು ನಿಮಿಷ ನೋಡಿ, "ಎಬಿಎಸ್ ಮಾಡ್ಯೂಲ್ ಹೋಗಿದೆ ಸರ್, ಬದಲಿಸಬೇಕು. ನಲವತ್ತು ಸಾವಿರದ ಮೇಲಾಗುತ್ತೆ. ಹಬ್ಬ ಮುಗಿದ ಮೇಲೆ ಪಾರ್ಟ್ ಬರುತ್ತೆ" ಎಂದರು. ಕೈಗೆ ಒಂದು ಪ್ರಿಂಟ್ ಔಟ್ ಕೊಟ್ಟರು. ಅದರಲ್ಲಿ ಮೂರು ಕಡೆ ಒಂದೇ ಕೋಡ್ ಇತ್ತು: ಯು0121. ಎಂಜಿನ್ನಿನ ಕಂಪ್ಯೂಟರ್, ಸ್ಟೇರಿಂಗಿನ ಕಂಪ್ಯೂಟರ್, ಡ್ಯಾಶ್‌ಬೋರ್ಡಿನ ಕಂಪ್ಯೂಟರ್, ಮೂರೂ ಒಂದೇ ದೂರು ಬರೆದಿದ್ದವು: "ಎಬಿಎಸ್ ನಮ್ಮ ಜೊತೆ ಮಾತಾಡುತ್ತಿಲ್ಲ."

ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿ ಹೊಟ್ಟೆ ಹೊರೆಯುವವನಿಗೆ ಈ ವಾಕ್ಯ ಹೊಸದಲ್ಲ. "ಮಾತಾಡುತ್ತಿಲ್ಲ" ಎಂದರೆ "ಸತ್ತಿದೆ" ಎಂದೇ ಅರ್ಥವೇ ಎಂಬ ಪ್ರಶ್ನೆ ಪ್ರಿಂಟ್ ಔಟ್ ನೋಡಿದಾಗಲೇ ಎದ್ದಿತ್ತು. ಅದನ್ನು ಸರ್ವಿಸ್ ಸೆಂಟರಿನಲ್ಲಿ ಕೇಳುವ ಧೈರ್ಯ ಬರಲಿಲ್ಲ. ಉತ್ತರ ಸಿಕ್ಕಿದ್ದು ಗೋಕುಲ ರಸ್ತೆಯ ಒಳಗಿನ ಓಣಿಯೊಂದರ ತಗಡಿನ ಶೆಡ್ಡಿನಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ. ಆ ಉತ್ತರದ ಬೆಲೆ ತಿಳಿಯಬೇಕಾದರೆ, ಕಾರಿನೊಳಗಿನ ಪೆಟ್ಟಿಗೆಗಳು ಪರಸ್ಪರ ಮಾತಾಡಲು ಕಲಿತದ್ದು ಯಾವಾಗ, ಆ ಮಾತನ್ನು ಹೊರಗಿನವರು ಕೇಳಿಸಿಕೊಳ್ಳುವ ಹಕ್ಕು ಹೇಗೆ ಬಂತು ಎಂಬ ಕಥೆ ಗೊತ್ತಿರಬೇಕು.

ತಂತಿಯ ಕಂತೆ

ನಮ್ಮ ಅಪ್ಪಂದಿರ ಕಾಲದ ಅಂಬಾಸಿಡರ್, ಫಿಯಾಟ್ ಕಾರುಗಳಲ್ಲಿ ಮಾತಾಡುವಂಥದ್ದು ಏನೂ ಇರಲಿಲ್ಲ. ಸ್ವಿಚ್ಚಿನಿಂದ ದೀಪಕ್ಕೆ ಒಂದು ತಂತಿ, ಹಾರನ್ನಿಗೆ ಒಂದು ತಂತಿ. ಕೆಟ್ಟರೆ ತಂತಿಯ ಗುಂಟ ಬೆರಳಾಡಿಸುತ್ತ ಹೋದರಾಯಿತು, ಎಲ್ಲೋ ಒಂದು ಕಡೆ ಕಡಿದದ್ದು ಸಿಗುತ್ತಿತ್ತು.

ಕಾರಿಗೆ ಕಂಪ್ಯೂಟರ್ ಬರಲು ಮುಖ್ಯ ಕಾರಣ ಹೊಗೆ. ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಮಬ್ಬಿಗೆ ಕಾರುಗಳ ಹೊಗೆಯೂ ಬಿಸಿಲೂ ಸೇರಿ ಕಾರಣವೆಂದು 1950ರ ದಶಕದ ಆರಂಭದಲ್ಲಿ ತೋರಿಸಿದವರು ಕ್ಯಾಲ್‌ಟೆಕ್‌ನ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿತ್. ಕ್ಯಾಲಿಫೋರ್ನಿಯಾದಲ್ಲಿ ವಾಯು ಸಂಪನ್ಮೂಲ ಮಂಡಳಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರೂ ಅವರೇ ಆದರು. 1970ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯ್ದೆ ಬಿಗಿಯಾಯಿತು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂಬ ಲೆಕ್ಕವನ್ನು ಕಾರ್ಬ್ಯುರೇಟರ್ ಎಂಬ ಹಿತ್ತಾಳೆ-ಅಲ್ಯೂಮಿನಿಯಂ ಯಂತ್ರ ಸೂಕ್ಷ್ಮವಾಗಿ ಮಾಡಲಾರದು. ಲೆಕ್ಕ ಮಾಡಲು ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕಾಯಿತು.

ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆಯನ್ನು ಫೋಕ್ಸ್‌ವಾಗನ್ ಕಾರಿನಲ್ಲಿ ತಂದಿತು. 1978ರಲ್ಲಿ ಅದೇ ಕಂಪನಿಯ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ, ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿಗೆ ಬಂತು. 1979ರಲ್ಲಿ ಇಂಧನವನ್ನೂ ಸ್ಪಾರ್ಕ್ ಸಮಯವನ್ನೂ ಒಂದೇ ಪೆಟ್ಟಿಗೆಯಿಂದ ನಡೆಸುವ ಮೋಟ್ರಾನಿಕ್ ಬಿಎಂಡಬ್ಲ್ಯು ಕಾರಿಗೆ ಬಂತು. ಹತ್ತು ವರ್ಷಗಳಲ್ಲಿ ಕಾರಿನೊಳಗೆ ಒಂದು ಸಣ್ಣ ಆಫೀಸೇ ತೆರೆದಂತಾಯಿತು. ಆದರೆ ಆಫೀಸಿನ ಮಂದಿ ಒಬ್ಬರಿಗೊಬ್ಬರು ಪರಿಚಯವಿಲ್ಲದವರು.

ತೊಂದರೆ ಅಲ್ಲೇ. ಚಕ್ರದ ವೇಗ ಎಬಿಎಸ್‌ಗೆ ಗೊತ್ತು. ಅದು ಎಂಜಿನ್ನಿಗೂ ಬೇಕು, ಗೇರ್‌ಬಾಕ್ಸಿಗೂ ಬೇಕು. ಪ್ರತಿ ಜೋಡಿಗೆ ಪ್ರತ್ಯೇಕ ತಂತಿ ಎಳೆಯುತ್ತ ಹೋದರೆ ಹತ್ತು ಪೆಟ್ಟಿಗೆಗಳಿಗೆ 45 ಜೋಡಿಗಳಾಗುತ್ತವೆ, ಇಪ್ಪತ್ತು ಪೆಟ್ಟಿಗೆಗಳಿಗೆ 190. ತಂತಿಯ ಕಂತೆ ದಪ್ಪವಾದಷ್ಟೂ ತೂಕ ಹೆಚ್ಚು, ಕನೆಕ್ಟರ್ ಹೆಚ್ಚು, ಕೆಡುವ ಜಾಗಗಳೂ ಹೆಚ್ಚು.

ಒಂದೇ ಕಟ್ಟೆ, ಎಲ್ಲರ ಮಾತು

ಬಾಷ್‌ನಲ್ಲಿ 1983ರಲ್ಲಿ ಊವೆ ಕೀನ್ಕೆ ಮತ್ತು ಸಂಗಡಿಗರು ಇದಕ್ಕೆ ಉತ್ತರ ಹುಡುಕಲು ಕೂತರು. ಆಗ ಲಭ್ಯವಿದ್ದ ಯಾವ ಸಂವಹನ ಪದ್ಧತಿಯೂ ಕಾರಿಗೆ ಹೊಂದಲಿಲ್ಲ. ತಂತಿ ಉಳಿಸಲೆಂದೇ ಈ ಕೆಲಸ ಶುರುವಾಯಿತು ಎಂದು ಎಷ್ಟೋ ಕಡೆ ಬರೆಯುತ್ತಾರೆ. ನಿಜವಾಗಿ ಅವರ ಗುರಿ ಬೇರೆ ಬೇರೆ ಪೆಟ್ಟಿಗೆಗಳು ಸೇರಿ ಹೊಸ ಕೆಲಸ ಮಾಡುವಂತಾಗಬೇಕು ಎಂಬುದು. ತಂತಿ ಉಳಿದದ್ದು ಜೊತೆಗೆ ಬಂದ ಲಾಭ. ಜರ್ಮನಿಯ ಪ್ರಾಧ್ಯಾಪಕ ವೋಲ್ಫ್‌ಹಾರ್ಡ್ ಲಾರೆನ್ಸ್ ಇದಕ್ಕೆ 'ಕಂಟ್ರೋಲರ್ ಏರಿಯಾ ನೆಟ್‌ವರ್ಕ್' ಎಂದು ಹೆಸರಿಟ್ಟರು. ಚಿಕ್ಕದಾಗಿ 'ಕ್ಯಾನ್'. 1986ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಆಟೋಮೊಬೈಲ್ ಎಂಜಿನಿಯರುಗಳ ಸಮ್ಮೇಳನದಲ್ಲಿ ಕೀನ್ಕೆ, ಸೀಗ್‌ಫ್ರೀಡ್ ಡೈಸ್ ಮತ್ತು ಮಾರ್ಟಿನ್ ಲಿಟ್ಷೆಲ್ ಅದನ್ನು ಜಗತ್ತಿಗೆ ಪರಿಚಯಿಸಿದರು. 1987ರಲ್ಲಿ ಇಂಟೆಲ್ ಮೊದಲ ಕ್ಯಾನ್ ಚಿಪ್ ಹೊರತಂದಿತು, ಹಿಂದೆಯೇ ಫಿಲಿಪ್ಸ್ ಕೂಡ ತಂದಿತು. 1990ರ ದಶಕದ ಆರಂಭದಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರುಗಳಲ್ಲಿ ಅದು ರಸ್ತೆಗಿಳಿಯಿತು. 1993ರಲ್ಲಿ ಐಎಸ್ಓ 11898 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು.

ಎಂ.ಟೆಕ್‌ನಲ್ಲಿ ಇದನ್ನು ಓದಿ ಪರೀಕ್ಷೆ ಬರೆದಿದ್ದೆ. ಅದರ ಸೊಗಸು ತಿಳಿದದ್ದು ಮಾತ್ರ ಕಾರು ಕೆಟ್ಟ ಮೇಲೆ.

ಊರ ಕಟ್ಟೆಯೊಂದನ್ನು ನೆನೆಸಿಕೊಳ್ಳಿ. ಎಲ್ಲರೂ ಒಂದೇ ಕಡೆ ಕೂತಿದ್ದಾರೆ, ಒಬ್ಬ ಆಡಿದ್ದು ಎಲ್ಲರಿಗೂ ಕೇಳಿಸುತ್ತದೆ. ಕ್ಯಾನ್‌ನಲ್ಲಿ ಆ ಕಟ್ಟೆ ಎಂದರೆ ಒಂದಕ್ಕೊಂದು ಹೊಸೆದ ಎರಡು ತಂತಿ. ಯಾರೂ ಮಾತಾಡದಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ. 'ಸೊನ್ನೆ' ಹೇಳಬೇಕಾದರೆ ಒಂದು ತಂತಿ 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗಳನ್ನು ಒಂದೇ ರೀತಿ ಅಲುಗಿಸುವುದರಿಂದ ವ್ಯತ್ಯಾಸ ಬದಲಾಗುವುದಿಲ್ಲ.

ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ? ಪ್ರತಿ ಸಂದೇಶದ ಮೊದಲಿಗೆ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ವಿಷಯ ಮುಖ್ಯವಾದದ್ದು. ತಂತಿಯ ಮೇಲೆ 'ಸೊನ್ನೆ' ಯಾವಾಗಲೂ 'ಒಂದ'ನ್ನು ಮೀರುತ್ತದೆ. ಮಾತಾಡುವ ಪೆಟ್ಟಿಗೆ ತನ್ನ ಮಾತನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ತಾನು 'ಒಂದು' ಅಂದಾಗ ತಂತಿಯಲ್ಲಿ 'ಸೊನ್ನೆ' ಕೇಳಿಸಿದರೆ, ತನಗಿಂತ ಅವಸರದವರು ಇದ್ದಾರೆಂದು ತಿಳಿದು ಅಲ್ಲೇ ಸುಮ್ಮನಾಗುತ್ತದೆ, ಆ ಮಾತು ಮುಗಿದ ಮೇಲೆ ಮತ್ತೆ ಪ್ರಯತ್ನಿಸುತ್ತದೆ. ಗೆದ್ದ ಸಂದೇಶಕ್ಕೆ ಒಂದು ಅಕ್ಷರದ ಹಾನಿಯೂ ಇಲ್ಲ. ನಮ್ಮ ವಿಡಿಯೋ ಮೀಟಿಂಗುಗಳಿಗೆ ಈ ನಿಯಮ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಈ ಕಟ್ಟೆಯ ಇನ್ನೂ ಎರಡು ನಿಯಮಗಳು ರೋಗಪತ್ತೆಯ ಇಡೀ ಸ್ವರೂಪವನ್ನೇ ನಿರ್ಧರಿಸಿವೆ.

ಮೊದಲನೆಯದು, ಸಂದೇಶದ ಮೇಲಿನ ಸಂಖ್ಯೆ ಹೇಳುವುದು ವಿಷಯವನ್ನು, ಆಡಿದವರ ಹೆಸರನ್ನಲ್ಲ. 'ಚಕ್ರದ ವೇಗ ಇಷ್ಟು' ಎಂಬ ಮಾತು ತಂತಿಗೆ ಬೀಳುತ್ತದೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಮುಖ್ಯ ಸಂದೇಶಗಳು ಹತ್ತು, ಇಪ್ಪತ್ತು, ನೂರು ಮಿಲಿಸೆಕೆಂಡಿಗೊಮ್ಮೆ ಹೀಗೆ ಗಡಿಯಾರದ ಪ್ರಕಾರ ಬರುತ್ತಲೇ ಇರಬೇಕು. ನಿಗದಿತ ಹೊತ್ತು ಕಳೆದರೂ ಬಾರದಿದ್ದರೆ, ಕಾದು ಕೂತವರು ತಮ್ಮ ನೆನಪಿನಲ್ಲಿ ಒಂದು ಕೋಡ್ ಬರೆದಿಡುತ್ತಾರೆ. ಅಂದರೆ ಸಂವಹನ ತಪ್ಪಿದ ಕೋಡ್ ಯಾವ ಪೆಟ್ಟಿಗೆಯಲ್ಲಿದೆಯೋ ಆ ಪೆಟ್ಟಿಗೆ ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತದೆ. ಅದು ಸಾಕ್ಷಿ, ರೋಗಿಯಲ್ಲ.

ಎರಡನೆಯದು, ಪ್ರತಿ ಪೆಟ್ಟಿಗೆ ತನ್ನ ತಪ್ಪುಗಳ ಲೆಕ್ಕವನ್ನು ತಾನೇ ಇಡುತ್ತದೆ. ಕಳಿಸಿದ ಸಂದೇಶ ಕೆಟ್ಟರೆ ಲೆಕ್ಕಕ್ಕೆ ಎಂಟು ಸೇರುತ್ತದೆ, ಸರಿಯಾಗಿ ಹೋದರೆ ಒಂದು ಕಡಿಮೆಯಾಗುತ್ತದೆ. ಲೆಕ್ಕ 127 ದಾಟಿದರೆ ಅದು ದನಿ ತಗ್ಗಿಸಬೇಕು, ಬೇರೆಯವರ ಮಾತಿಗೆ ಅಡ್ಡ ಬರಕೂಡದು. 255 ದಾಟಿದರೆ ತಾನೇ ಕಟ್ಟೆಯಿಂದ ಎದ್ದು ಹೋಗಬೇಕು. ಇದಕ್ಕೆ 'ಬಸ್ ಆಫ್' ಎನ್ನುತ್ತಾರೆ. ಒಬ್ಬನ ಬಡಬಡಿಕೆಯಿಂದ ಎಲ್ಲರ ಮಾತು ಕೆಡಬಾರದೆಂದು 1980ರ ದಶಕದ ಆ ಎಂಜಿನಿಯರುಗಳು ಮಾಡಿದ ಏರ್ಪಾಡು ಇದು. ಹಾಗಾಗಿ ಸುಮ್ಮನಿರುವ ಪೆಟ್ಟಿಗೆ ಸತ್ತಿರಬೇಕೆಂದೇನೂ ಇಲ್ಲ. ಅದಕ್ಕೆ ಕರೆಂಟ್ ಸಿಗುತ್ತಿಲ್ಲದಿರಬಹುದು, ಅದರ ದಾರಿ ಕಡಿದಿರಬಹುದು, ಇಲ್ಲವೇ ನಿಯಮ ಪಾಲಿಸಿ ತಾನೇ ಎದ್ದು ಹೋಗಿರಬಹುದು.

ಕಿವಿಯಿಡಲು ಒಂದು ಕಿಂಡಿ

ಪೆಟ್ಟಿಗೆಗಳು ಒಳಗೊಳಗೆ ಮಾತಾಡಿಕೊಂಡರೆ ಸಾಲದು. ರಿಪೇರಿ ಮಾಡುವವನಿಗೂ ಅದು ಕೇಳಿಸಬೇಕು. ಈ ಕಥೆ ಬೇರೆಯೇ ದಾರಿಯಲ್ಲಿ ಬಂತು.

1971ರಲ್ಲಿ ಫೋಕ್ಸ್‌ವಾಗನ್ ತನ್ನ ಕಾರುಗಳಲ್ಲಿ ಒಂದು ಪರೀಕ್ಷಾ ಸಾಕೆಟ್ ಇಟ್ಟಿತು. ಅಲ್ಲಿ ಮಾತುಕತೆಯೇನೂ ಇರಲಿಲ್ಲ, ಹಲವು ಕಡೆಯ ತಂತಿಗಳನ್ನು ಅಳತೆಗೆ ಅನುಕೂಲವಾಗಲೆಂದು ಒಂದು ಕಡೆ ತಂದಿದ್ದರು ಅಷ್ಟೇ. 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರುಗಳಲ್ಲಿ ಕಂಪ್ಯೂಟರ್ ತಾನೇ ತನ್ನ ತಪ್ಪು ಹೇಳತೊಡಗಿತು. ಸಾಕೆಟ್ಟಿನ ಎರಡು ತೂತುಗಳಿಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ ಕೀಲಿ ತಿರುಗಿಸಿದರೆ 'ಚೆಕ್ ಎಂಜಿನ್' ದೀಪ ಮಿಣುಕುತ್ತಿತ್ತು. ಒಂದು ಮಿಣುಕು, ಸ್ವಲ್ಪ ತಡೆದು ಎರಡು ಮಿಣುಕು: ಕೋಡ್ 12. ಎಂಜಿನ್ ಇನ್ನೂ ಓಡುತ್ತಿಲ್ಲ, ನಾನು ಎಚ್ಚರವಾಗಿದ್ದೇನೆ ಎಂದು ಅದರ ಅರ್ಥ. ಆಮೇಲೆ ಉಳಿದ ಕೋಡುಗಳು. ಮೆಕ್ಯಾನಿಕ್ ಪೆನ್ಸಿಲ್ ಹಿಡಿದು ಮಿಣುಕು ಎಣಿಸುತ್ತ ಕೂರುತ್ತಿದ್ದ.

ಆದರೆ ಒಂದೊಂದು ಕಂಪನಿಯದು ಒಂದೊಂದು ಸಾಕೆಟ್, ಒಂದೊಂದು ಭಾಷೆ. ಇದನ್ನು ಮುರಿದದ್ದು ಮಾರುಕಟ್ಟೆಯಲ್ಲ, ಕಾನೂನು. ಅದೂ ಅದೇ ಕ್ಯಾಲಿಫೋರ್ನಿಯಾ ಮಂಡಳಿಯ ಕಾನೂನು. ಕಾರ್ಖಾನೆಯಿಂದ ಹೊರಬಂದಾಗ ಶುದ್ಧವಾಗಿದ್ದ ಕಾರು ಐದು ವರ್ಷದ ಮೇಲೂ ಶುದ್ಧವಾಗಿದೆಯೇ ಎಂದು ತಿಳಿಯುವುದು ಹೇಗೆ? ಕಾರೇ ಹೇಳಬೇಕು. 1988ರ ಮಾದರಿಗಳಿಂದ ಕಾರು ತನ್ನ ಹೊಗೆ ನಿಯಂತ್ರಣವನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂಬ ಮೊದಲ ನಿಯಮ ಬಂತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಓಬಿಡಿ-2 ಕಡ್ಡಾಯವಾಯಿತು: ಸ್ಟೇರಿಂಗ್ ಕೆಳಗೆ ಒಂದೇ ಆಕಾರದ 16 ಪಿನ್ನಿನ ಸಾಕೆಟ್, ಒಂದೇ ಬಗೆಯ ಕೋಡುಗಳು. ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 'ಪಿ', ಬಾಡಿಗೆ 'ಬಿ', ಬ್ರೇಕು ಸ್ಟೇರಿಂಗುಗಳಿಗೆ 'ಸಿ', ಪೆಟ್ಟಿಗೆಗಳ ನಡುವಿನ ಮಾತುಕತೆಗೆ 'ಯು'. ನನ್ನ ಪ್ರಿಂಟ್ ಔಟಿನ ಯು0121 ಈ ಮನೆತನದ್ದು.

ಸಾಕೆಟ್ ಒಂದಾದರೂ ಒಳಗಿನ ಭಾಷೆ ಇನ್ನೂ ಹಲವು ಇದ್ದವು. ಫೋರ್ಡ್‌ನದು ಒಂದು, ಜನರಲ್ ಮೋಟರ್ಸ್‌ನದು ಒಂದು, ಯುರೋಪು-ಜಪಾನಿನವರದು ಮತ್ತೊಂದು. 2008ರ ಮಾದರಿಗಳಿಂದ ಅಮೆರಿಕದ ಎಲ್ಲ ಕಾರುಗಳೂ ಈ ಸಾಕೆಟ್ಟಿನಲ್ಲಿ ಕ್ಯಾನ್ ಭಾಷೆಯನ್ನೇ ಆಡಬೇಕೆಂದಾಯಿತು. 6ನೇ ಪಿನ್ನು ಮತ್ತು 14ನೇ ಪಿನ್ನು ಆ ಎರಡು ತಂತಿಗಳಿಗೆ ಮೀಸಲು. ಕಟ್ಟೆಯ ಕಥೆಯೂ ಕಿಂಡಿಯ ಕಥೆಯೂ ಸೇರಿದ್ದು ಅಲ್ಲಿ.

ನಮ್ಮಲ್ಲಿ ಭಾರತ್ ಸ್ಟೇಜ್-4ರ ಜೊತೆ 2010ರ ಏಪ್ರಿಲ್‌ನಿಂದ ಓಬಿಡಿಯ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಬಂದವು. 2020ರ ಏಪ್ರಿಲ್ 1ರಿಂದ ದೇಶವಿಡೀ ಭಾರತ್ ಸ್ಟೇಜ್-6. ಇದರಲ್ಲಿ ಕನ್ನಡನಾಡಿನ ಪಾಲೂ ಸಣ್ಣದಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ನಮಗೆಲ್ಲ ಗೊತ್ತು. 1951ರಲ್ಲಿ ಶುರುವಾದ ಆ ಮೋಟರ್ ಇಂಡಸ್ಟ್ರೀಸ್ ಕಂಪನಿ ಬಾಷ್‌ನದೇ ಬಳಗ. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳ ಊರಿನಲ್ಲಿ ಈಗ ಈ ಪೆಟ್ಟಿಗೆಗಳಿಗೆ ಸಾಫ್ಟ್‌ವೇರ್ ಬರೆಯುವವರು ಸಾವಿರಾರು ಮಂದಿ. ನನ್ನ ಸಹಪಾಠಿಗಳಲ್ಲೇ ಇಬ್ಬರು ಅದೇ ಕೆಲಸದಲ್ಲಿದ್ದಾರೆ. ನಾನಿರುವ ಪುಣೆಯಲ್ಲಿ, ಚಾಕಣದ ಕಾರ್ಖಾನೆಗಳ ಸುತ್ತ, ಇನ್ನಷ್ಟು ಮಂದಿ.

ತಗಡಿನ ಶೆಡ್ಡಿನಲ್ಲಿ

ಈಗ ಗೋಕುಲ ರಸ್ತೆಗೆ ಬರೋಣ. ಆಟೋ ಎಲೆಕ್ಟ್ರಿಶಿಯನ್ ಒಬ್ಬರ ವಿಳಾಸ ಕೊಟ್ಟವನು ನನ್ನ ತಮ್ಮ. ಅರವತ್ತರ ಹತ್ತಿರದ ವಯಸ್ಸು, ಎಲ್ಲರ ಬಾಯಲ್ಲೂ 'ಕಾಕಾ'. ಪ್ರಿಂಟ್ ಔಟ್ ಕೊಟ್ಟೆ. ಕನ್ನಡಕ ಏರಿಸಿ ನೋಡಿ ಕೇಳಿದರು, "ಮೂರು ಮಂದಿ ಒಬ್ಬನ ಮ್ಯಾಲ ಕಂಪ್ಲೇಂಟ್ ಕೊಟ್ಟಾರ. ಆ ಒಬ್ಬನ್ನ ಯಾರರ ಕೇಳ್ಯಾರೇನ್ರಿ?"

ಕಾಕಾ ಮೊದಲು ಮಾಡಿದ್ದು ಬ್ಯಾಟರಿಯ ತಂತಿ ಬಿಚ್ಚಿ, ಚಹಾ ತರಿಸಿದ್ದು. ಪೆಟ್ಟಿಗೆಗಳೆಲ್ಲ ನಿದ್ದೆ ಹೋಗಲಿ ಎಂದು. ಆಮೇಲೆ ಮಲ್ಟಿಮೀಟರಿನ ಎರಡು ಮೊನೆಗಳನ್ನು 6 ಮತ್ತು 14ನೇ ಪಿನ್ನಿಗಿಟ್ಟು ರೋಧ ಅಳೆದರು. 60 ಓಮ್.

ಈ ಅಂಕಿ ಎಲ್ಲಿಂದ ಬಂತು? ಕ್ಯಾನ್ ತಂತಿಯ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೋಧಕ ಇರುತ್ತದೆ. ತುದಿಗೆ ಬಡಿದ ಸಂಕೇತ ಪ್ರತಿಧ್ವನಿಯಾಗಿ ಹಿಂದೆ ಬಾರದಿರಲಿ ಎಂದು. ಎರಡೂ ಸಮಾಂತರವಾಗಿ ಸೇರಿದರೆ 60. ಮೀಟರಿನಲ್ಲಿ 120 ಬಂದರೆ ಒಂದು ತುದಿ ಕಡಿದಿದೆ ಅಥವಾ ಒಂದು ರೋಧಕ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಎಲ್ಲೋ ಒಂದನ್ನೊಂದು ಮುಟ್ಟಿವೆ. 40 ಬಂದರೆ ಯಾರೋ ಹೊರಗಿನಿಂದ ಜೋಡಿಸಿದ ಸಾಮಾನು ತನ್ನದೊಂದು ರೋಧಕವನ್ನೂ ತಂದಿರಬಹುದು. ಒಂದು ಅಳತೆ, ಅರ್ಧ ನಿಮಿಷ. ಅಷ್ಟರಲ್ಲಿ ಇಡೀ ಕಟ್ಟೆಯ ಮುಖ್ಯ ದಾರಿ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ನಮ್ಮದರಲ್ಲಿ ಸರಿಯಿತ್ತು. ಎಬಿಎಸ್ ಬಿಟ್ಟು ಉಳಿದವರೆಲ್ಲ ಮಾತಾಡಿಕೊಳ್ಳುತ್ತಿದ್ದುದರ ಜೊತೆಗೂ ಅದು ಹೊಂದುತ್ತಿತ್ತು. ಅಂದರೆ ಕೆಡುಕು ಎಬಿಎಸ್ ಪೆಟ್ಟಿಗೆಯಲ್ಲಿ, ಇಲ್ಲವೇ ಅದರ ಬಾಗಿಲಲ್ಲಿ.

ಬಾನೆಟ್ ಎತ್ತಿ ಎಬಿಎಸ್‌ನ ದೊಡ್ಡ ಕನೆಕ್ಟರ್ ಕಳಚಿ ಬ್ಯಾಟರಿ ಜೋಡಿಸಿದರು. ಪವರ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಮೀಟರ್ ಹಿಡಿದರು. 12 ವೋಲ್ಟಿನ ಮೇಲೆ ತೋರಿಸಿತು. "ಕರೆಂಟ್ ಬರಾಕತ್ತೈತಲ್ಲ ಕಾಕಾ" ಎಂದೆ. ಸರ್ವಿಸ್ ಸೆಂಟರಿನವರು ಅಳೆದಿದ್ದರೂ ಇಷ್ಟೇ ಕಂಡಿರುತ್ತಿತ್ತು. ಕರೆಂಟ್ ಇದೆ, ಪೆಟ್ಟಿಗೆ ಮಾತಾಡುತ್ತಿಲ್ಲ, ಹಾಗಾದರೆ ಪೆಟ್ಟಿಗೆ ಸತ್ತಿದೆ.

ಕಾಕಾ ನಕ್ಕರು. "ಮೀಟರ್ ಪಾಪ ಸುಳ್ಳು ಹೇಳಂಗಿಲ್ರಿ. ಆದ್ರ ಅದಕ್ಕ ಭಾರ ಹೊತ್ತು ಗೊತ್ತಿಲ್ಲ." ಹಳೇ ಹೆಡ್‌ಲೈಟ್ ಬಲ್ಬಿಗೆ ಎರಡು ತಂತಿ ಬೆಸೆದ ಒಂದು ಸಾಮಾನು ತೆಗೆದರು. ಅದೇ ಎರಡು ಪಿನ್ನುಗಳ ನಡುವೆ ಬಲ್ಬ್ ಹಿಡಿದರು. ಕೆಂಪಗೆ ಒಂದು ಎಳೆ ಮಿಣುಕಿತು, ಅಷ್ಟೇ.

ಅಲ್ಲಿ ನನ್ನ ಎಂ.ಟೆಕ್ ಮುಗಿದು ಪಾಠ ಶುರುವಾಯಿತು. ಮಲ್ಟಿಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ತಂತಿಯಲ್ಲಿ ಕೂದಲಿನಂಥ ಒಂದು ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬು ನಿಜವಾದ ಕರೆಂಟ್ ಕೇಳುತ್ತದೆ. ಕೇಳಿದಾಗಲೇ ದಾರಿಯ ಇಕ್ಕಟ್ಟು ಬಯಲಾಗುತ್ತದೆ. ಬಲ್ಬಿನ ಒಂದು ಕಾಲನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಇಟ್ಟರು. ಬೆಳ್ಳಗೆ ಉರಿಯಿತು. ಪವರ್ ಸರಿಯಿದೆ, ಅರ್ತ್ ಕೆಟ್ಟಿದೆ. ಅರ್ತ್ ತಂತಿಯ ಗುಂಟ ಹೋದರೆ ಬಾಡಿಗೆ ಬೋಲ್ಟ್ ಹಾಕಿದ ಕಡೆ ಹಸಿರು ಕಿಲುಬು. ಪುಣೆಯ ಎರಡು ಮಳೆಗಾಲದ ನೀರು ಅಲ್ಲಿ ಕೂತಿತ್ತು. ಬಿಚ್ಚಿ, ತಂತಿ ಕೊಯ್ದು, ಹೊಸ ಲಗ್ ಒತ್ತಿ, ಕಿಲುಬು ಉಜ್ಜಿ, ಗ್ರೀಸ್ ಸವರಿ ಕೂರಿಸಿದರು. ಕೋಡ್ ಅಳಿಸಿ ಕೀಲಿ ತಿರುಗಿಸಿದಾಗ ದೀಪಗಳು ಒಂದೊಂದಾಗಿ ಆರಿದವು. ಮುಳ್ಳು ರಸ್ತೆಯ ಮೇಲೆ ಎದ್ದು ನಿಂತಿತು.

ಆರುನೂರು ರೂಪಾಯಿ ತೆಗೆದುಕೊಂಡರು. ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಯಾರಿಗೆ ಕೇಳಿಸಬೇಕು?

ಇದನ್ನು 'ಸರ್ವಿಸ್ ಸೆಂಟರ್ ದಡ್ಡರು, ಓಣಿಯ ಕಾಕಾ ಜಾಣರು' ಎಂಬ ಕಥೆ ಮಾಡಿ ಮುಗಿಸುವುದು ಸುಲಭ. ಹಾಗೆ ಮಾಡಲಾರೆ. ಅಲ್ಲಿ ಕಂಪ್ಯೂಟರ್ ಹಚ್ಚಿದ ಹುಡುಗನಿಗೆ ದಿನಕ್ಕೆ ಇಷ್ಟು ಕಾರು ಮುಗಿಸಬೇಕೆಂಬ ಲೆಕ್ಕ ಇರುತ್ತದೆ. ಪಾರ್ಟ್ ಬದಲಿಸುವುದಕ್ಕೆ ಬಿಲ್ಲಿನಲ್ಲಿ ಸಾಲು ಇದೆ, ಕಿಲುಬು ಹುಡುಕುವುದಕ್ಕೆ ಇಲ್ಲ. ನಾನೂ ಅಂಥದೇ ಲೆಕ್ಕ ಇಡುವವನು. ನಮ್ಮ ಸರ್ವರುಗಳು ಮಲಗಿದ ರಾತ್ರಿಗಳಲ್ಲಿ ಅತಿ ಹೆಚ್ಚು ಎರರ್ ಬರೆದ ತಂಡವನ್ನೇ ನಾನು ಮೊದಲು ಬೈದಿದ್ದೇನೆ. ಅವರು ಸಾಕ್ಷಿಗಳು ಎಂಬುದು ಬೆಳಗಾದ ಮೇಲೆ ಗೊತ್ತಾಗುತ್ತಿತ್ತು.

ನಿಜವಾದ ಪ್ರಶ್ನೆ ಬೇರೆ. ಕಾಕಾ ಆ ದಿನ ಇಷ್ಟೆಲ್ಲ ಮಾಡಲು ಸಾಧ್ಯವಾದದ್ದು ಸ್ಟೇರಿಂಗ್ ಕೆಳಗೆ ಒಂದು ಕಿಂಡಿ ಇದ್ದುದರಿಂದ, ಅದರ ಭಾಷೆ ಯಾರಿಗಾದರೂ ತಿಳಿಯುವಂತೆ ಇದ್ದುದರಿಂದ. ಆ ಕಿಂಡಿ ಎಷ್ಟು ದಿನ ತೆರೆದಿರುತ್ತದೆ?

ಈ ಜಗಳ ನಮ್ಮ ದೇಶದಲ್ಲೂ ಆಗಿದೆ. 2011ರಲ್ಲಿ ಗ್ರಾಹಕರೊಬ್ಬರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು: ಕಾರು ಕಂಪನಿಗಳು ಬಿಡಿಭಾಗಗಳನ್ನೂ ರೋಗಪತ್ತೆಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆ ಎಂದು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಸಾಧನಗಳೂ ಮಾಹಿತಿಯೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗುವಂತಿರಬೇಕೆಂದು ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿದಾಗ ಅದರ ಪಟ್ಟಿಯಲ್ಲಿ ಮೊಬೈಲು, ಕೃಷಿ ಯಂತ್ರಗಳ ಜೊತೆ ಕಾರುಗಳೂ ಇದ್ದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ ಇದೇ ಹಕ್ಕಿಗಾಗಿ 2012ರಲ್ಲೂ 2020ರಲ್ಲೂ ಮತ ಹಾಕಿ ಗೆದ್ದರು.

ಕಿಂಡಿ ಮುಚ್ಚಬೇಕೆನ್ನುವವರ ಬಳಿಯೂ ಒಂದು ಬಲವಾದ ವಾದವಿದೆ. ಕ್ಯಾನ್‌ನಲ್ಲಿ ಆಡಿದವರ ಹೆಸರಿಲ್ಲ ಎಂದೆನಲ್ಲ, ಅಂದರೆ ಯಾರು ಆಡಿದರೂ ಎಲ್ಲರೂ ನಂಬುತ್ತಾರೆ. ಕಟ್ಟೆಗೆ ಹೊರಗಿನವನು ಬರಬಹುದೆಂದು 1983ರಲ್ಲಿ ಯಾರೂ ಎಣಿಸಿರಲಿಲ್ಲ. 2010ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ಸಾಕೆಟ್ ಮೂಲಕವೇ ಓಡುವ ಕಾರಿನ ಬ್ರೇಕನ್ನು ನಿಷ್ಕ್ರಿಯಗೊಳಿಸಿ ತೋರಿಸಿದರು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವ್ಯಾಲಸೆಕ್ ಮನೆಯಲ್ಲಿ ಕೂತೇ, ಮೊಬೈಲ್ ಜಾಲದ ಮೂಲಕ, ಹೆದ್ದಾರಿಯ ಮೇಲಿದ್ದ ಜೀಪ್ ಒಂದರ ಎಂಜಿನ್ನಿನ ಶಕ್ತಿ ಕಡಿದು ತೋರಿಸಿದರು. ಸುಮಾರು 14 ಲಕ್ಷ ಗಾಡಿಗಳನ್ನು ಕಂಪನಿ ಹಿಂದಕ್ಕೆ ಕರೆಸಬೇಕಾಯಿತು. ಆಮೇಲೆ ಹಲವು ಕಾರುಗಳಲ್ಲಿ ಸಾಕೆಟ್ಟಿಗೂ ಕಟ್ಟೆಗೂ ನಡುವೆ 'ಗೇಟ್‌ವೇ' ಎಂಬ ಕಾವಲು ಪೆಟ್ಟಿಗೆ ಬಂತು. ಗುರುತಿನ ಚೀಟಿ ಇದ್ದವರಿಗಷ್ಟೇ ಪೂರ್ತಿ ಪ್ರವೇಶ. ಅಂಥ ಕಾರಿನ ಸಾಕೆಟ್ಟಿನಲ್ಲಿ 60 ಓಮ್ ಬಂದರೂ ಅದು ಕಾವಲುಗಾರನವರೆಗಿನ ದಾರಿಯ ಸುದ್ದಿ ಮಾತ್ರ, ಒಳಗಿನದಲ್ಲ.

ಎರಡೂ ಕಡೆಯ ಭಯ ನಿಜ. ಕಳ್ಳನಿಗೆ ಬಾಗಿಲು ಹಾಕಬೇಕು. ಬಾಗಿಲು ಹಾಕುವ ನೆಪದಲ್ಲಿ ವೈದ್ಯನನ್ನೂ ಹೊರಗಿಡಬಾರದು. ಬೀಗದ ಕೈ ಕಂಪನಿಯೊಂದರ ಜೇಬಿನಲ್ಲೇ ಇರಬೇಕೋ, ನಿಯಮ ಪಾಲಿಸುವ ಯಾವ ಗ್ಯಾರೇಜಿಗೂ ನ್ಯಾಯವಾದ ಬೆಲೆಗೆ ಸಿಗಬೇಕೋ ಎಂಬುದನ್ನು ಎಂಜಿನಿಯರುಗಳಿಗೆ ಮಾತ್ರ ಬಿಟ್ಟರೆ ಆಗದು. 1996ರ ಸಾಕೆಟ್ ಕೂಡ ಎಂಜಿನಿಯರುಗಳು ತಾವಾಗಿ ಕೊಟ್ಟದ್ದಲ್ಲ, ಊರಿನ ಗಾಳಿ ಎಲ್ಲರದೂ ಎಂದು ಕಾನೂನು ಹೇಳಿದ ಮೇಲೆ ಬಂದದ್ದು.

ಹಬ್ಬ ಮುಗಿಸಿ ಹೊರಡುವ ಮುಂಚೆ ಮಿಠಾಯಿ ಕೊಡಲು ಶೆಡ್ಡಿಗೆ ಹೋಗಿದ್ದೆ. ಕಾಕಾ ಹೊಸ ಕಾರೊಂದರ ಮುಂದೆ ಕೂತಿದ್ದರು. ಅವರ ಸ್ಕ್ಯಾನರಿನ ಪರದೆಯ ಮೇಲೆ ಅನುಮತಿ ಇಲ್ಲವೆಂಬ ಸಾಲು. "ಇಂಥಾವು ಈಗ ತಿಂಗಳಿಗೆ ನಾಲ್ಕೈದು ಬರ್ತಾವ್ರಿ. ವಾಪಸ್ ಕಳಸ್ತೀನಿ. ಮಗಾ ಈ ಕೆಲಸಾ ಒಲ್ಲೆ ಅಂದಾನ" ಎಂದರು. ಆಮೇಲೆ ಎದ್ದು, ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ಕಳಚಿ, ಗೇಟ್‌ವೇ ಪೆಟ್ಟಿಗೆಯ ಆಚೆ ಬದಿಯ ಕನೆಕ್ಟರ್ ಹುಡುಕತೊಡಗಿದರು. "ಪರದೆ ಬ್ಯಾಡ ಅಂದ್ರ ಬ್ಯಾಡ. ತಂತಿ ಅಂತೂ ಇರಾಕಬೇಕಲ್ರಿ" ಎಂದು ಬಲ್ಬಿಗೆ ಕೈ ಚಾಚಿದರು. ಹತ್ತಿರವಿದ್ದ ನಾನೇ ಅದನ್ನು ಎತ್ತಿಕೊಟ್ಟೆ.